ಏಷ್ಯನ್ ಮಹಿಳಾ ವಾಲಿಬಾಲ್: ಎತ್ತರ ಕಡಿಮಿ ಇದ್ದ ತಂಡ ಗೆಲ್ಲೂದು ಹೆಂಗ್ರಿ?

ಇಂಡಿ ನೆಟ್ · ಸಂಜಿ 7:40
ಎಲ್ಲಾರಿಗೂ ನಮಸ್ಕಾರ ರೀ. 2023ರ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್ ಫೈನಲ್ ನೋಡಿದವರು ಸ್ವಲ್ಪ ಬಿಡಿಸಿ ಹೇಳ್ರಿ. ನಖೋನ್ ರಾಚಸಿಮಾದಾಗ ಥಾಯ್ಲೆಂಡ್ 3-2ರಿಂದ ಚೀನಾಕ್ಕ ಸೋಲಿಸ್ತು. ನೆಟ್ಟಿನ ಮುಂದ ನಿಂತಾಗ ಚೀನಾದವರು ಗೇಣುದ್ದ ಹೆಚ್ಚಿಗಿ ಕಾಣ್ತಾರ, ಆದ್ರೂ ಚೆಂಡು ಅವರ ಕೈ ಸಂದಿನಾಗ ಹಾದು ಹೋಗ್ತದ. ಇದು ಬರೀ ತವರು ಮಂದಿ ಕೂಗಾಟದ ಬಲನೋ, ಕಲಿಯೂವಂಥದ್ದು ಏನರ ಅದನೋ? ನಮ್ಮ ವಿಜಯಪುರ ಕಡೆ ಹೈಸ್ಕೂಲು, ಪಿಯು ತಂಡದಾಗ ಐದೂಕಾಲು ಅಡಿ ದಾಟಿದ ಹುಡುಗ್ಯಾರು ಸಿಗೂದಽ ಕಷ್ಟ. ಅವರಿಗೆ ಈ ಆಟದಾಗ ತಗೊಳ್ಳೂದು ಯಾವುದು, ಬಿಡೂದು ಯಾವುದು?

ಗೋಕಾಕ ಸ್ಮ್ಯಾಶರ್ · 7:58
ಎತ್ತರಾನಽ ಮುಖ್ಯ ರೀ, ಸುಮ್ಮನ ಮನಸಿಗೆ ಸಮಾಧಾನ ಮಾಡ್ಕೊಬ್ಯಾಡ್ರಿ. ಈ ಏಷ್ಯನ್ ಟೂರ್ನಿ 1975ರಾಗ ಮೆಲ್ಬರ್ನ್‌ದಾಗ ಚಾಲೂ ಆತು; 2023ರ ತನಕಾ ಆಡಿದ್ದು 21 ಟೂರ್ನಿ. ಅದರಾಗ 13 ಚೀನಾದ್ದು. ಚೀನಾದ ಸ್ಮ್ಯಾಶರ್ ಝೂ ಟಿಂಗ್ 1.98 ಮೀಟರ್. ಆಕಿ ಕೈ ಎತ್ತಿದ್ರ ನಿಮ್ಮ ಬ್ಲಾಕ್ (ನೆಟ್ಟಿನ ಹತ್ರ ಜಿಗಿದು ಕೈಯಿಂದ ತಡಿಯೂದು) ಆಕಿ ಮೊಳಕೈ ಮಟ್ಟಕ್ಕ ಬರ್ತೈತಿ. ಲೆಕ್ಕ ಮುಗೀತು.

ಜಮಖಂಡಿ ಲಿಫ್ಟರ್ · 8:25
ಗೋಕಾಕದ ಅಣ್ಣಾರ, ಲೆಕ್ಕ ಖರೇ, ಆದ್ರ ಅರ್ಧಾ. ಚೀನಾ 1987ರಿಂದ 2005ರ ತನಕಾ ಸಾಲಾಗಿ ಹತ್ತು ಸಲ ಗೆದ್ದೈತಿ. 2007ರಿಂದ ಈಚೆ ಎಂಟು ಟೂರ್ನಿ ಆಗ್ಯಾವ, ಅದರಾಗ ಚೀನಾದ ಕೈಗೆ ಬಂದದ್ದು 2011 ಮತ್ತ 2015, ಎರಡಽ. ಜಪಾನ್ 2007, 2017, 2019 ಒಯ್ತು. ಥಾಯ್ಲೆಂಡ್ 2009ರಾಗ ಹನೋಯಿಯೊಳಗ ಚೀನಾಕ್ಕ, 2013ರಾಗ ತಮ್ಮ ಊರಾಗ ಜಪಾನಿಗೆ, 2023ರಾಗ ಮತ್ತ ಚೀನಾಕ್ಕ ಸೋಲಿಸ್ತು. ದೊಡ್ಡ ತಂಡದವರು ಕೆಲವು ಸಲ ಮುಖ್ಯ ಆಟಗಾರ್ತಿಯರನ್ನ ಕಳಿಸಂಗಿಲ್ಲ ಅನ್ನೂದೂ ಐತಿ, ಒಪ್ಕೋತೀನಿ. ಆದ್ರ ಎಂಟರಾಗ ಆರು ಸಲ ತಪ್ಪಿದ್ದಕ್ಕ ಅದೊಂದಽ ಕಾರಣ ಸಾಲೂದಿಲ್ಲ.

ಇಂಡಿಯವರ ಪ್ರಶ್ನೆಕ್ಕ ಉತ್ತರ ಗಡಿಯಾರದಾಗ ಐತಿ. ಲಿಫ್ಟರ್, ಅಂದ್ರ ಹೊಡ್ಯಾಕಿಗೆ ಚೆಂಡು ಎತ್ತಿ ಕೊಡಾಕಿ, ಕೈಯಿಂದ ಚೆಂಡು ಸುಮಾರು 2 ಮೀಟರ್ ಎತ್ತರದಾಗ ಬಿಡ್ತಾಳ ಅನ್ರಿ, ಸ್ಮ್ಯಾಶ್ ಹೊಡ್ಯಾಕಿ 2.6 ಮೀಟರ್‌ನ್ಯಾಗ ಮುಟ್ತಾಳ ಅನ್ರಿ. ನಮ್ಮ ಊರಾಗ ಹಾಕೂವಂಥ ಎತ್ತರದ ಬಾಲ್, 5 ಮೀಟರ್ ತನಕಾ ಹೋಗೂದು, ಏರಾಕ 0.78 ಸೆಕೆಂಡು, ಇಳಿಯಾಕ 0.70. ಒಟ್ಟು ಹತ್ರ ಹತ್ರ ಒಂದೂವರೆ ಸೆಕೆಂಡು. ಅದನ್ನಽ 3.2 ಮೀಟರ್ ದಾಟದಂಗ ಚಪ್ಪಟೆ ಹಾಕಿದ್ರ 0.49 ಮತ್ತ 0.35, ಅಂದ್ರ 0.84 ಸೆಕೆಂಡು. ನಡುವ ನಿಂತ ಬ್ಲಾಕರ್ ಆಂಟೆನಾ (ನೆಟ್ಟಿನ ಅಂಚಿಗೆ ಕಟ್ಟಿದ ಕೋಲು) ಹತ್ರ ಮುಟ್ಟಾಕ ಸುಮಾರು 4 ಮೀಟರ್ ಸರೀಬೇಕು, ಸರಿದು ಜಿಗೀಬೇಕು. ಒಂದೂವರೆ ಸೆಕೆಂಡಿನಾಗ 1.90 ಎತ್ತರದಾಕಿ ಆರಾಮ ಬಂದು ಗ್ವಾಡಿ ಕಟ್ತಾಳ. 0.84ರಾಗ ಆಕಿ ಇನ್ನೂ ದಾರಿಯಾಗ ಇರ್ತಾಳ, ಒಂದು ಕೈ ಅಷ್ಟಽ ಹೊಳ್ಳಿಸಿ ಹಾಕ್ತಾಳ. ನಿಮಗ ಕಂಡ ಆ ಸಂದಿ ಅದಽ. ಎತ್ತರ ಹೋಗಲಿಲ್ಲ, ಎತ್ತರಕ್ಕ ಹೊತ್ತು ಸಿಗಲಿಲ್ಲ.

ಗೋಕಾಕ ಸ್ಮ್ಯಾಶರ್ · 8:31
ಹಂಗಾದ್ರ ನಾಳೆಯಿಂದ ಎಲ್ಲಾರೂ ಚಪ್ಪಟೆ ಬಾಲ್ ಹಾಕ್ರಿ, ಕಪ್ ತಗೊಂಡು ಬರ್ರಿ 🙂

ಜಮಖಂಡಿ ಲಿಫ್ಟರ್ · 8:52
ಅಲ್ಲೇ ಎಲ್ಲಾರೂ ಎಡವೂದು ಅಣ್ಣಾರ. ವೇಗ ಲಿಫ್ಟರ್ ಬೆರಳಿನಾಗ ಐತಿ ಅಂತ ತಿಳ್ಕೊಂಡು ಬೆರಳಿಗೆ ತಾಲೀಮು ಕೊಡ್ತಾರ. ವೇಗ ಮೊದಲನೇ ಪಾಸಿನಾಗ, ಅಂದ್ರ ಸರ್ವಿಸ್ ತಗೊಂಡು ಲಿಫ್ಟರಿಗೆ ಕಳಿಸೂದ್ರಾಗ ಐತಿ.

ಥಾಯ್ಲೆಂಡಿನ ಲಿಫ್ಟರ್ ನುಟ್ಸರಾ ತೋಮ್‌ಕೋಮ್ ಆಡಿದ ಹಳೆ ಮ್ಯಾಚ್ ತಗದು ನೋಡ್ರಿ, ಆಕಿ ಕೈ ಬಿಟ್ಟು ಕಾಲು ನೋಡ್ರಿ. ಚೆಂಡು ಬರೂದರೊಳಗ ನಿಂತು ಬಿಟ್ಟಿರ್ತಾಳ. ಯಾಕಂದ್ರ ಪಾಸ್ ಆಕಿ ಇದ್ದಲ್ಲೇ ಬರ್ತೈತಿ: ನೆಟ್ಟಿನಿಂದ ಒಂದು ಮೀಟರ್ ಹಿಂದ, 2ನೇ ಮತ್ತ 3ನೇ ಸ್ಥಾನದ ನಡುವ (ಮುಂದಿನ ಸಾಲಿನಾಗ ಬಲಕ್ಕ 2, ನಡುವ 3). ಅಲ್ಲಿ ಬಂದ್ರ ಲಿಫ್ಟರ್ ಮುಂದ ಹಾಕಬಹುದು, ಬೆನ್ನ ಹಿಂದ ಹಾಕಬಹುದು, ನಡುವಿನಾಕಿಗೆ ಕ್ವಿಕ್ (ಲಿಫ್ಟರ್ ಕೈ ಬಿಟ್ಟ ಕೂಡಲೇ ಹೊಡಿಯೂ ಬಾಲ್) ಕೊಡಬಹುದು, ಹಿಂದಿನ ಸಾಲಿಗೂ ಕೊಡಬಹುದು. ಪಾಸ್ ಮೂರು ಮೀಟರ್ ಗೆರಿ ಹಿಂದ ಹ್ವಾದ್ರ ಕ್ವಿಕ್ ಸತ್ತಂಗ. ಬ್ಲಾಕರ್ ನಡುವಿನಾಕಿನ್ನ ಬಿಟ್ಟು ಮೊದಲಽ ಅಂಚಿಗೆ ಹೋಗಿ ನಿಲ್ತಾಳ. ಆವಾಗ ಮೇಲೆ ಹೇಳಿದ 0.84ರ ಲೆಕ್ಕ ಎಲ್ಲಾ ನೀರಪಾಲು.

ಪಾಸಿನ ಎತ್ತರಕ್ಕ ಒಂದು ಸುಲಭ ಗುರುತು ಹೇಳ್ತೀನಿ. ಹೆಂಗಸರ ನೆಟ್ 2.24 ಮೀಟರ್, ಆಂಟೆನಾ ಅದರ ಮ್ಯಾಲೆ 80 ಸೆಂಟಿಮೀಟರ್, ಅಂದ್ರ ಅದರ ತುದಿ 3.04ರಾಗ ಇರ್ತೈತಿ. ಪಾಸ್ ಆಂಟೆನಾ ತುದಿಗಿಂತ ಒಂದು ಮೀಟರ್ ಮ್ಯಾಲೆ ಹೋಗಿ ಬಂದ್ರ ಲಿಫ್ಟರ್ ಕೈಗೆ ಇಳಿಯಾಕ 0.64 ಸೆಕೆಂಡು ತಗೋತೈತಿ. ತುದಿ ಮಟ್ಟಕ್ಕ ಇದ್ರ 0.46. ಕಲಿಯೂ ಹುಡುಗ್ಯಾರಿಗೆ ಮೊದಲನೇದು ಬೇಕು, ಲಿಫ್ಟರ್ ಬಂದು ನಿಲ್ಲಾಕ, ನಡುವಿನಾಕಿ ಓಡಿ ಬರಾಕ ಹೊತ್ತು ಬೇಕಾಗ್ತೈತಿ. ಥಾಯ್ಲೆಂಡ್ ಮಾಡೂದು ಎರಡನೇದು. ಅದನ್ನ ಮೊದಲ ವರ್ಷ ಮುಟ್ಟಬ್ಯಾಡ್ರಿ.

ಸಿಂದಗಿ ತಂಗಿ · 9:05
ಅಕ್ಕಾರ, ಪಾಸ್ ಛಲೋ ಆಗ್ಯಾದ ಇಲ್ಲ ಅಂತ ಅಳಿಯೂದು ಹ್ಯಾಂಗ? ಕಣ್ಣಂದಾಜಿಗೆ ಬಿಟ್ರ ಎಲ್ಲಾರ ಪಾಸೂ ಛಲೋನಽ ಕಾಣ್ತದ. ಮತ್ತ ಕ್ವಿಕ್ ಯಾವಾಗ ಕಲಿಸೂದು?

ಜಮಖಂಡಿ ಲಿಫ್ಟರ್ · 9:24
ಅಂಕ ಹಾಕ್ರಿ ತಂಗಿ. ಲಿಫ್ಟರ್ ನಿಲ್ಲೂ ಜಾಗದಾಗ ಹಗ್ಗದಿಂದ ಒಂದೂವರೆ ಮೀಟರ್ ಅಗಲದ ಸುತ್ತು ಇಡ್ರಿ. ಪಾಸ್ ಸುತ್ತಿನೊಳಗ ಬಂದು ಎಲ್ಲಾ ಕಡೆ ಲಿಫ್ಟ್ ಮಾಡಾಕ ಬಂದ್ರ 3. ಎರಡು ಕಡೆ ಅಷ್ಟಽ ಹಾಕಾಕ ಬಂದ್ರ 2. ಎತ್ತರದ ಬಾಲ್ ಬಿಟ್ಟು ಬ್ಯಾರೆ ದಾರಿ ಇಲ್ಲ ಅಂದ್ರ 1. ಸರ್ವಿಸ್ ನೇರ ಪಾಯಿಂಟ್ ಆದ್ರ ಸೊನ್ನಿ. ಒಬ್ಬೊಬ್ಬಾಕಿಗೆ 50 ಸರ್ವಿಸ್ ಹೊಡದು ಬರ್ಕೊಳ್ರಿ, ಕೂಡಿಸಿ 50ರಿಂದ ಭಾಗಿಸ್ರಿ. ಮೊದಲ ವಾರ 6 ಮೀಟರ್ ದೂರದಿಂದ ಹೊಡೀರಿ, ಆಮ್ಯಾಲೆ 9ಕ್ಕ ಹೋಗ್ರಿ. ಸರಾಸರಿ 2 ದಾಟೂ ತನಕಾ ಮ್ಯಾಚಿನಾಗ ಕ್ವಿಕ್ ಬ್ಯಾಡ.

ಆದ್ರ ಕ್ವಿಕ್‌ನ ಕಾಲು ಕೆಲಸ ಮೊದಲನೇ ದಿನದಿಂದ ಕಲಿಸ್ರಿ, ಚೆಂಡಿಲ್ಲದಽ. ಬಲಗೈಯಾಕಿಗೆ ಎಡ–ಬಲ–ಎಡ. ಲಿಫ್ಟರ್ ಕೈಗೆ ಚೆಂಡು ಹತ್ತಿದಾಗ ಆಕಿ ನೆಲ ಬಿಟ್ಟಿರಬೇಕು, ಕೈ ಹಿಂದ ಎಳದಿರಬೇಕು. ಚೆಂಡು ಬಂದ ಮ್ಯಾಲೆ ಜಿಗಿದ್ರ ಅದು ಕ್ವಿಕ್ ಅಲ್ಲ, ತಗ್ಗಿನ ಬಾಲ್ ಅಷ್ಟಽ. ಬಹಳ ತಂಡದಾಗ ಇದಽ ತಪ್ಪು: ಲಿಫ್ಟರಿಗೆ ಬೈತಾರ, ತಡ ಮಾಡಿದಾಕಿ ನಡುವಿನಾಕಿ ಇರ್ತಾಳ.

ಥಾಯ್ಲೆಂಡಿನ ಪ್ಲೂಮ್‌ಜಿತ್ ತಿನ್‌ಕಾವ್ ಹೊಡೀತಿದ್ದ ಸ್ಲೈಡ್ ಇನ್ನೂ ಮುಂದಿನ ಪಾಠ. ಲಿಫ್ಟರ್ ಬೆನ್ನ ಹಿಂದ ನೆಟ್ಟಿಗೆ ಸಮನಾಗಿ ಓಡಿ, ಎಡಗಾಲ ಒಂದರ ಮ್ಯಾಲೆ ಜಿಗಿದು, ಆಂಟೆನಾ ಕಡೆ ತೇಲ್ಕೋತ ಹೊಡಿಯೂದು. ನೋಡಾಕ ಭಾಳ ಚಂದ. ಗರಸಿನ ಗ್ರೌಂಡಿನಾಗ ಒಂಟಿ ಕಾಲ ಮ್ಯಾಲೆ ಇಳದ್ರ ಮೊಣಕಾಲಿನ ಗತಿ ಬ್ಯಾರೆ ಆಗ್ತೈತಿ. ಜಿಗಿಯೂದು ಒಂದು ಕಾಲಿಂದ ಇರಲಿ, ಇಳಿಯೂದು ಎರಡೂ ಕಾಲ ಮ್ಯಾಲೆ, ಮೊಣಕಾಲು ಬಗ್ಗಿಸಿ. ಇಷ್ಟು ಬರೂ ತನಕಾ ಓಟ ಕಲಿಸಬ್ಯಾಡ್ರಿ.

ಇಂಡಿ ನೆಟ್ · 9:30
ಇದು ಕೆಲಸಕ್ಕ ಬರೂ ಮಾತು. ಹೊರಗಿನ ಗ್ರೌಂಡಿನಾಗ ಗಾಳಿ ಇರ್ತದಲ್ಲ ರೀ? ಏಷ್ಯಾ ಟೂರ್ನಿ ಒಳಾಂಗಣದಾಗ ಆಡ್ತಾರ, ನಮ್ಮ ಕಡೆ ಏಪ್ರಿಲ್–ಮೇದಾಗ ಜಾತ್ರಿ ಟೂರ್ನಮೆಂಟ್ ಅಂದ್ರ ಸಂಜಿ ಗಾಳಿ, ಧೂಳು.

ಮುಧೋಳ ಗರಸು · 9:51
ಗಾಳಿ ಇದ್ದಲ್ಲೇ ತಗ್ಗಿನ ಬಾಲ್ ಹೆಚ್ಚು ಉಪಯೋಗ. ಒಂದೂವರೆ ಸೆಕೆಂಡು ಗಾಳಿಯಾಗ ಇರೂ ಚೆಂಡು ಎಷ್ಟು ಸರೀತೈತಿ, 0.84 ಸೆಕೆಂಡು ಇರೂದು ಎಷ್ಟು ಸರೀತೈತಿ, ನೀವಽ ನೋಡ್ರಿ. 260ರಿಂದ 280 ಗ್ರಾಂ ತೂಕದ ಚೆಂಡು ಅದು, ಕಲ್ಲಲ್ಲ.

ಟಾಸ್ ಗೆದ್ರ ಸರ್ವಿಸ್ ಬದಲು ಅಂಗಳ ಕೇಳ್ರಿ. ಎದುರು ಗಾಳಿಗೆ ಸರ್ವಿಸ್ ಮಾಡೂದು ಸುಲಭ: ಫ್ಲೋಟ್ ಜೋರಾಗಿ ಹೊಡದ್ರೂ ಕೊನೀ ಗೆರಿ ದಾಟಂಗಿಲ್ಲ, ಕೊನೀಗೆ ಕೆಳಗ ಬೀಳ್ತೈತಿ. ಬೆನ್ನ ಗಾಳಿಗೆ ಅದಽ ಹೊಡೆತ ಹೊರಗ ಹೋಗ್ತೈತಿ. ಫ್ಲೋಟ್ ಅಂದ್ರ ಚೆಂಡಿನ ನಟ್ಟನಡುವ ಗಟ್ಟಿ ಅಂಗೈಯಿಂದ ಹೊಡದು, ಕೈ ಅಲ್ಲೇ ನಿಲ್ಲಿಸೂದು. ಮಣಿಕಟ್ಟು ಮಡಚಿದ್ರ ಚೆಂಡು ತಿರಗತೈತಿ, ತಿರಗಿದ್ರ ದಾರಿ ನೆಟ್ಟಗಾಗ್ತೈತಿ, ಪಾಸ್ ಮಾಡಾಕಿಗೆ ಹಬ್ಬ. ತಿರಗದ ಚೆಂಡಿನ ಹೊಲಿಗಿ ಮ್ಯಾಲೆ ಗಾಳಿ ಒಂದೊಂದು ಬದಿಗೆ ಒಂದೊಂದು ಥರಾ ಹರೀತೈತಿ, ಅದಕ್ಕಽ ಕಡೀಕ ಓಲಾಡ್ತೈತಿ.

ಇನ್ನ ಚೆಂಡಿನ ಗಾಳಿ. ನಿಯಮ 0.30ರಿಂದ 0.325 ಕೆಜಿ, ಪ್ರತಿ ಚದರ ಸೆಂಟಿಮೀಟರಿಗೆ. ಗೇಜ್ ಪಿಎಸ್‌ಐದಾಗ ಇದ್ರ 4.26ರಿಂದ 4.61. ನೆರಳಿನಾಗ ತುಂಬಿದ ಚೆಂಡು ಬಿಸಲಾಗ ಇಟ್ಟು 20 ಡಿಗ್ರಿ ಕಾಯ್ದ್ರ ಒತ್ತಡ ಸುಮಾರು 0.08 ಏರ್ತೈತಿ, ಅಂದ್ರ 0.31 ಇದ್ದದ್ದು 0.39. ಅದು ಕಲ್ಲಿನಂಗ ಬಡೀತೈತಿ, ಪಾಸ್ ಹಾರಿ ಹೋಗ್ತೈತಿ. ಹುಡುಗಿ ಕೈ ಸರಿಯಿಲ್ಲ ಅಂತ ಬೈಯೂ ಮೊದಲು ಚೆಂಡು ನೆರಳಿಗೆ ತಗೊಂಡು ಗೇಜ್ ಹಚ್ರಿ.

ಬೆಳಗಾವಿ ಸೀಟಿ · 10:10
ರೆಫ್ರಿ ಕಡೆಯಿಂದ ಎರಡು ಮಾತು. ಥಾಯ್ಲೆಂಡ್ ಥರ ಆಟ ನೋಡಿ ಬಂದ ತಂಡಗಳು ಸ್ಥಳೀಯ ಟೂರ್ನಮೆಂಟಿನಾಗ ಸೀಟಿ ಹತ್ತಿದ ಕೂಡಲೇ ಜಗಳಕ್ಕ ಬರ್ತಾವ, ಕೆಲವು ಸಲ ತಪ್ಪು ರೆಫ್ರಿದಽ ಇರ್ತೈತಿ.

ಲಿಬೆರೊ (ಬ್ಯಾರೆ ಬಣ್ಣದ ಅಂಗಿಯ ಡಿಫೆನ್ಸ್ ಆಟಗಾರ್ತಿ) ಮುಂದಿನ ವಲಯದಾಗ, ಅಂದ್ರ ಮೂರು ಮೀಟರ್ ಗೆರಿ ಮುಂದ, ಬೆರಳಿನಿಂದ ಲಿಫ್ಟ್ ಮಾಡಿದ್ರ ಅದಽ ಫೌಲ್ ಅಂತ ಬಹಳ ಮಂದಿ ಸೀಟಿ ಊದ್ತಾರ. ತಪ್ಪು. ಆಕಿ ಹಂಗ ಎತ್ತಿದ ಚೆಂಡನ್ನ ಜೊತೆಗಾರ್ತಿ ಪೂರಾ ನೆಟ್ಟಿನ ಮ್ಯಾಲಿಂದ ಹೊಡದ್ರ ಮಾತ್ರ ಫೌಲ್. ನೆಟ್ಟಿಗಿಂತ ತಗ್ಗಿನಾಗ ದಾಟಿಸಿದ್ರ ಆಟ ಚಾಲೂ. ಲಿಬೆರೊ ಅಂಡರ್‌ಹ್ಯಾಂಡ್‌ನಿಂದ ಎತ್ತಿದ್ರ ಯಾವ ತಕರಾರೂ ಇಲ್ಲ, ಗೆರಿ ಹಿಂದ ನಿಂತು ಬೆರಳಿನಿಂದ ಎತ್ತಿದ್ರೂ ಇಲ್ಲ. ಸರ್ವಿಸ್ ಮತ್ತ ಬ್ಲಾಕ್ ಆಕಿಗೆ ಇಲ್ಲ, ಬ್ಲಾಕಿಗೆ ಪ್ರಯತ್ನ ಮಾಡೂದೂ ಇಲ್ಲ.

ಮೊದಲನೇ ಹೊಡೆತದಾಗ, ಅಂದ್ರ ಸರ್ವಿಸ್ ಅಥವಾ ಸ್ಮ್ಯಾಶ್ ತಗೊಳ್ಳೂವಾಗ, ಒಂದಽ ಕ್ರಿಯೆಯೊಳಗ ಚೆಂಡು ಮೈಯಿಗೆ ಎರಡು ಕಡೆ ತಾಗಿದ್ರ ಡಬಲ್ ಟಚ್ ಇಲ್ಲ. ಡಬಲ್ ನೋಡೂದು ಎರಡನೇ, ಮೂರನೇ ಹೊಡೆತಕ್ಕ. ಪಾದ ನಡು ಗೆರಿ ದಾಟಿದ್ರೂ ಅದರ ಒಂದು ಭಾಗ ಗೆರಿ ಮ್ಯಾಲೆ ಇದ್ರ ಫೌಲ್ ಅಲ್ಲ.

ಹೊಸದು ಒಂದು: 2025ರಿಂದ ಸರ್ವಿಸ್ ಮಾಡೂ ತಂಡದವರು ಸರ್ವಿಸ್ ಹೊಡೆಯೂ ಹೊತ್ತಿಗೆ ಬೇಕಾದಲ್ಲಿ ನಿಲ್ಲಬಹುದು. ಸರ್ವಿಸ್ ಸರದಿ ಮಾತ್ರ ತಪ್ಪಂಗಿಲ್ಲ. ಸರ್ವಿಸ್ ತಗೊಳ್ಳೂ ತಂಡಕ್ಕ ಹಳೆ ನಿಯಮಾನಽ.

ಸಿಂದಗಿ ತಂಗಿ · 10:16
ಮಾಮಾ, ಅಂದ್ರ ನಮ್ಮ ಲಿಫ್ಟರ್ 1ನೇ ಸ್ಥಾನದಾಗ (ಹಿಂದಿನ ಸಾಲಿನ ಬಲಕ್ಕ) ಇದ್ರ, ಸರ್ವಿಸ್ ತಗೊಳ್ಳೂವಾಗ ಮೊದಲಽ ಮುಂದ ಓಡಂಗಿಲ್ಲಾ?

ಬೆಳಗಾವಿ ಸೀಟಿ · 10:20
ಓಡಂಗಿಲ್ಲ ತಂಗಿ. ಎದುರಿನಾಕಿ ಕೈ ಚೆಂಡಿಗೆ ತಾಗೂ ತನಕ 1ನೇ ಸ್ಥಾನದಾಕಿ 2ನೇ ಸ್ಥಾನದಾಕಿಗಿಂತ ಹಿಂದ ಇರಬೇಕು, 6ನೇ ಸ್ಥಾನದಾಕಿಗಿಂತ (ಹಿಂದಿನ ಸಾಲಿನ ನಡುವಿನಾಕಿ) ಬಲಕ್ಕ ಇರಬೇಕು. ನೋಡೂದು ನೆಲದ ಮ್ಯಾಲಿನ ಪಾದ. 2ನೇ ಸ್ಥಾನದಾಕಿನ್ನ ನೆಟ್ಟಿಗೆ ಹತ್ತಿ ನಿಲ್ಲಿಸ್ರಿ, ಲಿಫ್ಟರ್ ಆಕಿ ಬೆನ್ನ ಹಿಂದಽ ನಿಲ್ಲಲಿ. ಆವಾಗ ಆಕಿ ಓಡೂ ದೂರ ಎರಡು ಹೆಜ್ಜಿ.

ಇಂಡಿ ನೆಟ್ · 10:28
ಒಬ್ಬ ಲಿಫ್ಟರ್ ಇಟ್ಟು 5-1 ಆಡಿಸೂದೋ, ಇಬ್ಬರ್ನ ಇಟ್ಟು 4-2 ಆಡಿಸೂದೋ?

ಗೋಕಾಕ ಸ್ಮ್ಯಾಶರ್ · 10:33
5-1. ದೊಡ್ಡ ತಂಡದವರು ಬಹುತೇಕ ಅದನ್ನಽ ಆಡ್ತಾರ.

ಜಮಖಂಡಿ ಲಿಫ್ಟರ್ · 10:47
ದೊಡ್ಡ ತಂಡದ ಲಿಫ್ಟರ್ ದಿನಾ ಅದೊಂದಽ ಕೆಲಸ ಮಾಡ್ತಾಳ ಅಣ್ಣಾರ. 4-2ರಾಗ ಮುಂದಿನ ಸಾಲಿನ ಲಿಫ್ಟರ್ ಎತ್ತತಾಳ. ಹಿಂದಿನಿಂದ ಓಡಿ ಬರೂದು ಇಲ್ಲ, ಸ್ಥಾನದ ಫೌಲ್ ಕಡಿಮಿ. ನಷ್ಟ ಏನಂದ್ರ ಯಾವಾಗಲೂ ಮುಂದ ಇಬ್ಬರಽ ಹೊಡಿಯಾವರು. 5-1ರಾಗ ಲಿಫ್ಟರ್ ಹಿಂದ ಇರೂ ಮೂರು ಸರದಿಯೊಳಗ ಮೂವರು ಸಿಗ್ತಾರ, ಮುಂದ ಬಂದ ಮೂರು ಸರದಿಯೊಳಗ ಇಬ್ಬರು. ಆ ಇಬ್ಬರ ಸರದಿಯಾಗಽ ತಂಡ ಸಿಕ್ಕಿಕೊಂಡು ನಿಲ್ಲೂದು. ಹಾಳಿ ಮ್ಯಾಲೆ ಸರದಿವಾರು ಪಾಯಿಂಟ್ ಬರದು ನೋಡ್ರಿ, ಯಾವ ಸರದಿಯೊಳಗ ನಾಲ್ಕೈದು ಸಾಲಾಗಿ ಹೋದವು ಅನ್ನೂದು ಎರಡು ಮ್ಯಾಚಿನಾಗ ತಿಳಿತೈತಿ.

ಪಾಸ್ ಸರಾಸರಿ 2 ದಾಟದ ತಂಡಕ್ಕ ನನ್ನ ಮತ 4-2ಕ್ಕ. ಲಿಫ್ಟರಿಗೆ ಎತ್ತರ ಬೇಕು ಅನ್ನೂದೂ ಬಿಡ್ರಿ. 2012ರ ಲಂಡನ್ ಒಲಿಂಪಿಕ್ಸಿನಾಗ ಕಂಚು ತಂದ ಜಪಾನ್ ತಂಡದ ಲಿಫ್ಟರ್ ಯೋಶಿಯೆ ತಾಕೆಶಿತಾ 1.59 ಮೀಟರ್. ಅಂದ್ರ ನಮ್ಮ ಐದೂಕಾಲು ಅಡಿಗೂ ಕಡಿಮಿ.

ಗೋಕಾಕ ಸ್ಮ್ಯಾಶರ್ · 10:52
ಹ್ಞೂ, ಇದು ಗೊತ್ತಿರಲಿಲ್ಲ. ಆದ್ರ ಆಕಿ ಮುಂದ ಬಂದಾಗ ಎದುರಿನವರು ಆಕಿ ತಲಿ ಮ್ಯಾಲಿಂದಽ ಹೊಡೀತಾರಲ್ಲ?

ಜಮಖಂಡಿ ಲಿಫ್ಟರ್ · 10:58
ಹೊಡೀತಾರ. ಅದಕ್ಕಽ ಅಲ್ಲಿ ಬ್ಲಾಕ್ ಮ್ಯಾಲೆ ಭರವಸೆ ಇಡಂಗಿಲ್ಲ. ಹಿಂದಿನವರು ಆ ದಿಕ್ಕಿಗೆ ಮೊದಲಽ ಸರಿದು ನಿಂತಿರ್ತಾರ. ಜಪಾನ್ ಡಿಫೆನ್ಸ್ ನೋಡ್ರಿ, ಎದುರಿನಾಕಿ ಹೊಡಿಯೂ ಹೊತ್ತಿಗೆ ಎಲ್ಲಾರ ಎರಡೂ ಕಾಲು ನೆಲದ ಮ್ಯಾಲೆ ನಿಂತಿರ್ತಾವ, ಯಾರೂ ಓಡ್ತಾ ಇರಂಗಿಲ್ಲ. ನಮ್ಮ ಹುಡುಗ್ಯಾರು ಹೊಡೆತ ಬಿದ್ದಾಗೂ ಇನ್ನೂ ಹಿಂದ ಸರ್ಕೋತ ಇರ್ತಾರ, ತೂಕ ಹಿಮ್ಮಡಿ ಮ್ಯಾಲೆ. ಮುಂದ ಬಿದ್ದ ಚೆಂಡು ತಗೋಳಾಕ ಆಗಂಗಿಲ್ಲ.

ಅಥಣಿ ಅಭಿಮಾನಿ · 11:04
ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ಪೂಲ್ (ಟೂರ್ನಿಯ ಗುಂಪು) ಲೆಕ್ಕ ಯಾರಾದ್ರೂ ಹೇಳ್ರಿ. ಸಮ ಆದಾಗ "ನಾವು ಅವರಿಗೆ ಸೋಲಿಸೀವಿ, ನಾವಽ ಮ್ಯಾಲೆ" ಅಂತಾರಲ್ಲ, ಅದು ಖರೇನ?

ಸ್ಕೋರ್‌ಶೀಟ್ · 11:30
ಅದು ಕಟ್ಟಕಡೆಯ ಅಳತೆ, ಮೊದಲನೆಯದಲ್ಲ. ಅಂತರರಾಷ್ಟ್ರೀಯ ನಿಯಮದಂತೆ ಮೊದಲು ನೋಡುವುದು ಗೆದ್ದ ಪಂದ್ಯಗಳ ಸಂಖ್ಯೆ. ಅದು ಸಮವಾದರೆ ಅಂಕ: 3-0 ಅಥವಾ 3-1ರಲ್ಲಿ ಗೆದ್ದವರಿಗೆ 3, ಸೋತವರಿಗೆ 0, 3-2 ಆದರೆ ಗೆದ್ದವರಿಗೆ 2, ಸೋತವರಿಗೆ 1. ನಂತರ ಸೆಟ್ ಅನುಪಾತ, ಆಮೇಲೆ ಪಾಯಿಂಟ್ ಅನುಪಾತ. ಅದೂ ಸಮವಾದರೆ ಮಾತ್ರ ಪರಸ್ಪರ ಪಂದ್ಯದ ಫಲಿತಾಂಶ.

ನಾಲ್ಕು ತಂಡದ ಪೂಲ್ ತೆಗೆದುಕೊಳ್ಳಿ. 'ಅ' ತಂಡ 'ಬ'ಯನ್ನು 3-2ರಿಂದ ಸೋಲಿಸಿತು. 'ಬ' ತಂಡ 'ಕ'ಯನ್ನು 3-0ರಿಂದ, 'ಕ' ತಂಡ 'ಅ'ಯನ್ನು 3-1ರಿಂದ. ಮೂವರೂ 'ಡ'ಯನ್ನು 3-0ರಿಂದ ಸೋಲಿಸಿದರು. ಮೂವರದೂ ಎರಡೆರಡು ಗೆಲುವು. ಅಂಕ ನೋಡಿದರೆ 'ಬ'ಗೆ 7, 'ಕ'ಗೆ 6, 'ಅ'ಗೆ 5. 'ಬ'ಯನ್ನು ಸೋಲಿಸಿದ 'ಅ' ಮೂರನೆಯದಾಗಿ ಮನೆಗೆ ಹೋಗುತ್ತದೆ. ಕಾರಣ ಒಂದೇ: 'ಬ'ಯ ಎದುರು ಐದನೇ ಸೆಟ್‌ವರೆಗೆ ಎಳೆಯಿತು, 'ಕ'ಯ ಎದುರು ಎಳೆಯಲಿಲ್ಲ. ಸೋಲುವುದೇ ಖಚಿತವಾದರೂ ಎರಡು ಸೆಟ್ ಕಿತ್ತುಕೊಳ್ಳಿ ಎಂದು ಕೋಚ್‌ಗಳು ಕೂಗುವುದು ಇದಕ್ಕೇ.

ಅನುಪಾತ ಎಂದರೆ ಭಾಗಾಕಾರ, ವ್ಯವಕಲನ ಅಲ್ಲ. ಊರ ಟೂರ್ನಮೆಂಟುಗಳಲ್ಲಿ ಕಳೆದು ನೋಡಿ ಜಗಳವಾಗುವುದುಂಟು. ಮೇಲಿನ ಉದಾಹರಣೆಯಲ್ಲಿ 'ಅ' 7 ಸೆಟ್ ಗೆದ್ದು 5 ಸೋತಿದೆ. 'ಕ' 6 ಗೆದ್ದು 4 ಸೋತಿದೆ. ಕಳೆದರೆ ಎರಡಕ್ಕೂ 2. ಭಾಗಿಸಿದರೆ 'ಅ' 1.400, 'ಕ' 1.500. ಅಂಕ ಸಮವಾಗಿದ್ದರೂ 'ಕ'ಯೇ ಮೇಲೆ ಇರುತ್ತಿತ್ತು. ನಿಮ್ಮ ಟೂರ್ನಮೆಂಟಿನ ಕರಪತ್ರದಲ್ಲಿ ಈ ಕ್ರಮವನ್ನು ಮೊದಲೇ ಅಚ್ಚು ಹಾಕಿಸಿ. ಸೆಮಿಫೈನಲ್ ಹಿಂದಿನ ರಾತ್ರಿ ವಿವರಿಸಲು ಹೋದರೆ ಯಾರೂ ಕೇಳುವುದಿಲ್ಲ.

ಅಥಣಿ ಅಭಿಮಾನಿ · 11:36
ಈಗ ತಲಿಗೆ ಹೋತು. ಉಪಕಾರ ರೀ ಸರ್. 2026ರ ಏಷ್ಯನ್ ಚಾಂಪಿಯನ್‌ಗೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಟಿಕೆಟ್ ಇಟ್ಟಾರಲ್ಲ, ಅಲ್ಲಿ ಈ ಲೆಕ್ಕ ಹಿಡಕೊಂಡು ಕುಂದರ್ತೀನಿ.

ಇಂಡಿ ನೆಟ್ · ಮರುದಿನ ಮುಂಜಾನಿ 6:50
ಇನ್ನೊಂದು ಅದ. ಎರಿ ಮಣ್ಣಿನ ಬಯಲಿನಾಗ ಹೊಸ ಅಂಗಳ ಗೆರಿ ಹಾಕೂದು ಅದ. ಅಳತಿ ತಪ್ಪದಂಗ ಹ್ಯಾಂಗ?

ಮುಧೋಳ ಗರಸು · 7:35
18ಕ್ಕ 9 ಮೀಟರ್ ಅಳದು ಕೈ ಬಿಟ್ರ ಅಂಗಳ ವಾರಿ ಆಗ್ತೈತಿ. ಮೂಲಿಯಿಂದ ಮೂಲಿಗೆ ಅಡ್ಡ ಅಳೀರಿ: ಪೂರಾ ಅಂಗಳಕ್ಕ 20.12 ಮೀಟರ್, ಅರ್ಧ ಅಂಗಳಕ್ಕ 12.73. ಎರಡೂ ಕಡೆ ಇದಽ ಬಂದ್ರ ಮೂಲಿ ಕಾಟಕೋನ ಅಂತ ತಿಳೀರಿ. 5 ಸೆಂಟಿಮೀಟರ್ ಗೆರಿ ಅಂಗಳದ ಒಳಗಽ ಸೇರತೈತಿ, ಅಳಿಯೂದು ಹೊರಗಿನ ಅಂಚಿಗೆ. ಅಟ್ಯಾಕ್ ಗೆರಿ ಹಿಂದಿನ ಅಂಚು ನಡು ಗೆರಿ ಮಧ್ಯದಿಂದ 3 ಮೀಟರ್. ಸುತ್ತ ಕಡಿಮಿ ಅಂದ್ರ 3 ಮೀಟರ್ ಖಾಲಿ ಬಿಡ್ರಿ. ಅಂಗಳದ ಉದ್ದ ಉತ್ತರ–ದಕ್ಷಿಣ ಇರಲಿ, ಇಲ್ಲಂದ್ರ ಸಂಜಿ ಮ್ಯಾಚಿನಾಗ ಒಂದು ತಂಡದ ಕಣ್ಣಿಗೆ ಸೂರ್ಯ.

ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರೀತೈತಿ. ಬರೀ ಮಣ್ಣಿನಾಗ ಹೂಳಿದ ಕಂಬ ಒಂದು ಮಳಿಗಾಲ ದಾಟೂದರೊಳಗ ಒಳಮುಖ ವಾಲ್ತಾವ, ಯಾಕಂದ್ರ ನೆಟ್ಟಿನ ತಂತಿ ಅವನ್ನ ಒಳಗ ಎಳೀತಿರ್ತೈತಿ. ಕಂಬದ ಕುಣಿ ದೊಡ್ಡದು ತಗದು ಎರಿ ಹೊರಗ ಹಾಕಿ, ಗರಸು ದಮ್ಮಸು ಮಾಡಿ ಕಾಂಕ್ರೀಟ್ ಹಾಕ್ರಿ. ಮ್ಯಾಲಿನ ಅಂಗಳಕ್ಕೂ ಗರಸಽ. ನೀರು ಹರದು ಹೋಗಾಕ ಮೀಟರಿಗೆ 5 ಮಿಲಿಮೀಟರ್ ಇಳಿಜಾರಕ್ಕ ನಿಯಮದಾಗ ಅವಕಾಶ ಐತಿ. ಕಲ್ಲು, ಇಟ್ಟಂಗಿ ಹೂಳಿ ಗೆರಿ ಮಾಡಬ್ಯಾಡ್ರಿ, ಹೊರಾಂಗಣಕ್ಕ ಗಟ್ಟಿ ವಸ್ತು ಗೆರಿ ನಿಷೇಧ, ಪಾದ ಹೊಳ್ಳತಾವ.

ಕಂಬ ಪಕ್ಕದ ಗೆರಿಯಿಂದ ಅರ್ಧ ಮೀಟರಿನಿಂದ ಒಂದು ಮೀಟರ್ ಹೊರಗ. ನೆಟ್ ಎತ್ತರ ನಡುವ ಅಳೀರಿ, 2.24. ಅಂಚಿನಾಗ 2 ಸೆಂಟಿಮೀಟರ್ ತನಕಾ ಹೆಚ್ಚು ಇರಬಹುದು, ಎರಡೂ ಅಂಚು ಸಮ ಇರಬೇಕು. ಮ್ಯಾಲಿನ ಅಂಚಿಗೆ ನೈಲಾನ್ ಹಗ್ಗ ಹಾಕಿದ್ರ ಮ್ಯಾಚ್ ಮುಗಿಯೂದರೊಳಗ ಜೋತು ಬೀಳ್ತೈತಿ. ಕಬ್ಬಿಣದ ತಂತಿ ಹಾಕಿ ಬಿಗೀರಿ. ಪ್ರತಿ ಸೆಟ್ ಮೊದಲು ಗುರುತು ಹಾಕಿದ ಕೋಲು ಹಿಡದು ನೋಡ್ರಿ.

ಇಂಡಿ ನೆಟ್ · 7:48
ಆಂಟೆನಾ ಸಿಗಂಗಿಲ್ಲ ಇಲ್ಲಿ. ಬಿದಿರು ಕಡ್ಡಿ ನಡೀತದನ?

ಬೆಳಗಾವಿ ಸೀಟಿ · 8:02
ಬಿದಿರು ಬ್ಯಾಡ. ಮುರದ್ರ ಸಿಬರು ಏಳ್ತೈತಿ, ಬ್ಲಾಕರ್ ಕಣ್ಣಿನ ಮಟ್ಟಕ್ಕ. ಅಭ್ಯಾಸಕ್ಕ ಕರೆಂಟ್ ವೈರಿಂಗಿನ ಸಣ್ಣ ಪ್ಲಾಸ್ಟಿಕ್ ಪೈಪ್ 1.80 ಮೀಟರ್ ಕತ್ತರಿಸಿ, 10 ಸೆಂಟಿಮೀಟರಿಗೊಂದು ಕೆಂಪು–ಬಿಳಿ ಪಟ್ಟಿ ಸುತ್ರಿ. ಪಕ್ಕದ ಗೆರಿಯ ನೆಟ್ಟಗ, ಹೊರಗಿನ ಅಂಚಿಗೆ, ನೆಟ್ಟಿನ ಮ್ಯಾಲೆ 80 ಸೆಂಟಿಮೀಟರ್ ಬಿಟ್ಟು ಕಟ್ರಿ. ಪಂದ್ಯಕ್ಕ ಮಾತ್ರ 10 ಮಿಲಿಮೀಟರ್ ದಪ್ಪದ್ದಽ ಬೇಕು, ಅದಕ್ಕ ಪೈಪ್ ನಡಿಯಂಗಿಲ್ಲ. ಹುಬ್ಬಳ್ಳಿಗೋ ಬೆಳಗಾವಿಗೋ ಯಾರಾದ್ರೂ ಬಂದಾಗ ಕ್ರೀಡಾ ಸಾಮಾನಿನ ಅಂಗಡಿಯಾಗ ಒಂದು ಜೋಡಿ ತರಿಸ್ರಿ.

ಸಿಂದಗಿ ತಂಗಿ · 8:10
ಪೈಪಿನ ತುದಿ ಮಟ್ಟ ಅಕ್ಕಾರು ಹೇಳಿದ ಪಾಸಿನ ಗುರುತಿಗೂ ಆಗ್ತದ. ಇವತ್ತು ಸಂಜೀಗೇ ಹಗ್ಗದ ಸುತ್ತು ಇಟ್ಟು 50 ಬಾಲ್ ಬರ್ಕೋತೀವಿ.